ಚಂದ್ರಬಿಂಬ: ಪ್ರತ್ಯಕ್ಷವೋ, ಸ್ಮೃತಿಯೋ?

ಕಳೆದ ಶರತ್ಕಾಲದ ಹುಣ್ಣಿಮೆಯಂದು ನಮ್ಮ ಜಿಲ್ಲೆಯ ಒಂದು ಸಂಘದವರು ಚಂದ್ರೋದಯದ ಛಾಯಾಚಿತ್ರಗಳ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ನಿಯಮವು ಒಂದೇ: ಸ್ಪರ್ಧಿಯು ಅಂದಿನ ಸಂಜೆ ತಾನೇ ನಿಂತು ತಾನೇ ತೆಗೆದ ಚಿತ್ರವಾಗಿರತಕ್ಕದ್ದು. ತೀರ್ಪುಗಾರರು ಮೂವರು, ಅವರಲ್ಲಿ ನಾನೂ ಒಬ್ಬನು. ಛಾಯಾಚಿತ್ರದ ಕೌಶಲವನ್ನು ಬಲ್ಲವನೆಂದು ನನ್ನನ್ನು ಕರೆದುದಲ್ಲ. ಪಾಠಶಾಲೆಯಲ್ಲಿ ತರ್ಕವನ್ನೂ ಅಷ್ಟಿಷ್ಟು ಜ್ಯೌತಿಷವನ್ನೂ ಓದಿದವನು, ಬಹುಕಾಲ ಮಕ್ಕಳಿಗೆ ಪಾಠ ಹೇಳಿದವನು, ಪಕ್ಷಪಾತ ಮಾಡಲಾರನು ಎಂಬ ವಿಶ್ವಾಸದಿಂದ ಕರೆದರು. ಆ ವಿಶ್ವಾಸಕ್ಕೆ ನಾನು ತಕ್ಕವನಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳುವುದಕ್ಕಾಗಿಯೂ, ಆ ತಪ್ಪು ಬರಿಯ ನನ್ನದೊಬ್ಬನದಲ್ಲ, ಈಗ ಮನೆಮನೆಯಲ್ಲಿ ನಡೆಯುತ್ತಿರುವುದು ಎಂಬುದನ್ನು ತೋರಿಸುವುದಕ್ಕಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಮುಂದೆ ಬಂದ ಚಿತ್ರಗಳಲ್ಲಿ ಕೊನೆಗೆ ಉಳಿದವು ಎರಡು. ಮೊದಲನೆಯದನ್ನು ಒಬ್ಬ ಹುಡುಗನು ತನ್ನ ಮನೆಯ ಮೊಬೈಲ್ ಫೋನಿನಲ್ಲಿ ತೆಗೆದಿದ್ದನು. ಬಿಂಬವು ಬೆಳ್ಳಿಯ ತಟ್ಟೆಯಂತೆ ನಿರ್ಮಲವಾಗಿತ್ತು. ಕುಳಿಗಳೂ ಕಪ್ಪು ಬಯಲುಗಳೂ ಕೊರೆದಿಟ್ಟಂತೆ ಕಾಣುತ್ತಿದ್ದವು. ಎರಡನೆಯದು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯದು. ಅವಳು ಶಾಲೆಯಲ್ಲಿದ್ದ ಎಪ್ಪತ್ತು ಮಿಲಿಮೀಟರಿನ ಸಣ್ಣ ದೂರದರ್ಶಕಕ್ಕೆ ಹಳೆಯ ಕ್ಯಾಮೆರಾ ಒಂದನ್ನು ಹೊಂದಿಸಿ ತೆಗೆದಿದ್ದಳು. ಅದರಲ್ಲಿ ಚಂದ್ರನು ಕೆಂಪಡರಿದ್ದನು. ಅಂಚು ಬಿಸಿಲಿನ ದಾರಿಯ ಮೇಲಿನ ಗಾಳಿಯಂತೆ ನಡುಗುತ್ತಿತ್ತು. ಸಾಲದುದಕ್ಕೆ ಬಿಂಬವು ಮೇಲಿಂದ ಕೆಳಕ್ಕೆ ತುಸು ಅಪ್ಪಚ್ಚಿಯಾಗಿತ್ತು. "ಹುಣ್ಣಿಮೆಯ ಚಂದ್ರನು ಗುಂಡಗಿರಬೇಡವೆ?" ಎಂದರು ನಮ್ಮಲ್ಲೊಬ್ಬರು. ಎಲ್ಲರೂ ನಕ್ಕೆವು. ಬಹುಮಾನವು ಮೊದಲನೆಯ ಚಿತ್ರಕ್ಕೆ ಹೋಯಿತು. ತೀರ್ಪಿನ ಕಾಗದಕ್ಕೆ ನಾನೂ ರುಜು ಹಾಕಿದೆನು.

ಸಭೆ ಮುಗಿದ ಮೇಲೆ ಆ ಹುಡುಗಿಯು ನನ್ನ ಬಳಿಗೆ ಬಂದಳು. ಅವಳ ಮುಖದಲ್ಲಿ ಅಸಮಾಧಾನವಿರಲಿಲ್ಲ, ಸಂದೇಹವಿತ್ತು. "ಮೇಷ್ಟ್ರೇ, ನಾವಿಬ್ಬರೂ ಒಂದೇ ಬಂಡೆಯ ಮೇಲೆ ನಿಂತಿದ್ವಿ. ಟೆಲಿಸ್ಕೋಪಿನಲ್ಲಿ ನನಗೆ ಕಾಣದೇ ಇದ್ದ ಕುಳಿ ಅವನ ಫೋನಿಗೆ ಹೇಗೆ ಕಾಣಿಸ್ತು?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಬಹುಮಾನ ಪಡೆದ ಹುಡುಗನನ್ನು ಕರೆದು ಕೇಳಿದೆನು. ಅವನು ಸಾಧುವಾದ ಹುಡುಗ, ಕಪಟವರಿಯನು. "ತಾತ, ನಾನೇನೂ ಮಾಡ್ಲಿಲ್ಲ. ಫೋನೇ ಹಂಗೆ ತೆಗೀತು" ಎಂದನು. ಅವನು ತಾನು ನಿರಪರಾಧಿಯೆಂದು ಹೇಳಿಕೊಂಡದ್ದು. ಆದರೆ ಮನೆಗೆ ಬಂದು ಯೋಚಿಸಿದಷ್ಟೂ ಆ ಮಾತೇ ನಮ್ಮ ತೀರ್ಪಿನ ಮೇಲಿನ ದೋಷಾರೋಪವೆಂದು ನನಗೆ ತೋರಿತು. ತಾನೇ ತೆಗೆದ ಚಿತ್ರವಾಗಿರಬೇಕೆಂಬ ಸ್ಪರ್ಧೆಯಲ್ಲಿ, ತಾನೇನೂ ಮಾಡಲಿಲ್ಲವೆಂದವನಿಗೆ ನಾವು ಬಹುಮಾನ ಕೊಟ್ಟಿದ್ದೆವು!

ಹುಡುಗಿಯ ಪ್ರಶ್ನೆಗೆ ಉತ್ತರವು ಗಣಿತದಲ್ಲಿಯೇ ಇದೆ. ಯಾವ ಮಸೂರವಾಗಲಿ ಎಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸಬಲ್ಲದೆಂಬುದು ಅದರ ಬಾಯಿಯ ಅಗಲಕ್ಕೆ ಕಟ್ಟುಬಿದ್ದದ್ದು. 116ನ್ನು ಬಾಯಿಯ ಅಗಲದ ಮಿಲಿಮೀಟರುಗಳಿಂದ ಭಾಗಿಸಿದರೆ, ಅದು ಬಿಡಿಸಬಲ್ಲ ಅತ್ಯಂತ ಸಣ್ಣ ಕೋನವು ವಿಕಲೆಗಳಲ್ಲಿ ದೊರೆಯುತ್ತದೆಂಬುದು ವೀಕ್ಷಕರಲ್ಲಿ ರೂಢಿಯಾಗಿರುವ ಸೂತ್ರ. ಫೋನಿನಲ್ಲಿ ದೂರದ ವಸ್ತುಗಳಿಗೆಂದು ಇಟ್ಟಿರುವ ಮಸೂರದ ಬಾಯಿ ಐದಾರು ಮಿಲಿಮೀಟರು. ಐದೆಂದಿಟ್ಟುಕೊಂಡರೆ 23 ವಿಕಲೆಗಳಾದವು. ಚಂದ್ರನ ದೂರದಲ್ಲಿ ಒಂದು ವಿಕಲೆಯೆಂದರೆ ಎರಡು ಕಿಲೋಮೀಟರಿಗೆ ತುಸು ಕಡಮೆ. ಆದುದರಿಂದ ಫೋನಿನ ಕಣ್ಣು ಚಂದ್ರನ ಮೇಲೆ ಸುಮಾರು 40 ಕಿಲೋಮೀಟರಿಗಿಂತ ಕಿರಿದಾದ ಯಾವುದನ್ನೂ ಬಿಡಿಸಿ ಕಾಣಲಾರದು. ಪ್ರಸಿದ್ಧವಾದ ಟೈಕೋ ಕುಳಿಯ ಅಗಲವೇ ಸುಮಾರು 85 ಕಿಲೋಮೀಟರು. ಫೋನಿಗೆ ಅದೊಂದು ಚುಕ್ಕೆಯಾಗಿ ತೋರಿದರೆ ಅದೇ ಹೆಚ್ಚು. ಎಪ್ಪತ್ತು ಮಿಲಿಮೀಟರಿನ ದೂರದರ್ಶಕವು ಇದಕ್ಕಿಂತ ಹದಿನಾಲ್ಕು ಪಾಲು ಸೂಕ್ಷ್ಮವಾಗಿ ಕಾಣಬಲ್ಲುದು. ಅಂದು ಚಂದ್ರನು ದಿಗಂತದಿಂದ ಆಗತಾನೆ ಮೇಲೆದ್ದಿದ್ದರಿಂದ, ನೆಲದ ಹತ್ತಿರದ ದಪ್ಪ ಗಾಳಿಯ ಹೊಯ್ದಾಟದಲ್ಲಿ ದೂರದರ್ಶಕಕ್ಕೂ ಆ ಸೂಕ್ಷ್ಮವು ದಕ್ಕಲಿಲ್ಲ. ದೊಡ್ಡ ಕಣ್ಣಿಗೆ ಕಾಣದುದು ಅದೇ ಗಾಳಿಯಲ್ಲಿ ಸಣ್ಣ ಕಣ್ಣಿಗೆ ಕಂಡಿತೆಂದರೆ, ಅದು ಕಂಡದ್ದಲ್ಲ, ಬೇರೆಲ್ಲಿಂದಲೋ ತಂದದ್ದು.

ಹುಡುಗಿಯ ಚಿತ್ರದ ಬಿಂಬವು ಚಪ್ಪಟೆಯಾಗಿದ್ದುದಕ್ಕೂ ಕಾರಣ ಹೇಳಿಬಿಡುತ್ತೇನೆ. ವಾಯುಮಂಡಲವು ಬೆಳಕನ್ನು ಬಗ್ಗಿಸಿ ಆಕಾಶದ ವಸ್ತುಗಳನ್ನು ಇರುವುದಕ್ಕಿಂತ ಮೇಲೆತ್ತಿ ತೋರಿಸುತ್ತದೆ. ಈ ಎತ್ತುವಿಕೆಯು ದಿಗಂತಕ್ಕೆ ಹತ್ತಿರವಾದಷ್ಟೂ ಹೆಚ್ಚು. ಚಂದ್ರನ ಕೆಳಗಣ ಅಂಚು ಮೇಲಣ ಅಂಚಿಗಿಂತ ಹೆಚ್ಚಾಗಿ ಎತ್ತಲ್ಪಡುವುದರಿಂದ ಉದಯಕಾಲದ ಬಿಂಬವು ಮೊಟ್ಟೆಯಂತೆ ಒತ್ತಿಹೋಗುತ್ತದೆ. ನಾವು ಯಾವುದನ್ನು ದೋಷವೆಂದು ನಕ್ಕೆವೋ ಅದೇ ಆ ಚಿತ್ರವು ಸತ್ಯವೆಂಬುದಕ್ಕೆ ರುಜುವಾತಾಗಿತ್ತು. ಕೂಸಿಗೆ ಗೊತ್ತಿಲ್ಲದ ಸಾಕ್ಷ್ಯವನ್ನು ಅವಳ ಕ್ಯಾಮೆರಾ ಬರೆದಿಟ್ಟಿತ್ತು. ಓದಬೇಕಾದ ನಮಗೇ ಅಕ್ಷರ ಬರಲಿಲ್ಲ.

ಇದು ನನ್ನ ಕಲ್ಪನೆಯೆಂದು ಕೆಲವರು ತಿಳಿದಾರು. 2023ರ ಮಾರ್ಚಿಯಲ್ಲಿ ಒಬ್ಬ ಹವ್ಯಾಸಿಯು ಮಾಡಿದ ಪರೀಕ್ಷೆಯನ್ನು ಇಲ್ಲಿ ಹೇಳಬೇಕು. ಅವನು ಚಂದ್ರನ ಒಳ್ಳೆಯ ಚಿತ್ರವೊಂದನ್ನು ತೆಗೆದುಕೊಂಡು, ಬೇಕೆಂದೇ ಕಿರಿದುಮಾಡಿ, ವಿವರಗಳೆಲ್ಲ ಅಳಿಯುವಂತೆ ಮಸುಕುಮಾಡಿ, ಕಂಪ್ಯೂಟರಿನ ತೆರೆಯ ಮೇಲಿಟ್ಟನು. ಕೋಣೆಯ ದೀಪಗಳನ್ನು ಆರಿಸಿ, ದೂರದಲ್ಲಿ ನಿಂತು, ಸ್ಯಾಮ್‌ಸಂಗ್ ಕಂಪನಿಯ ಫೋನಿನಿಂದ ಆ ಮಸುಕು ಬಿಂಬದ ಚಿತ್ರವನ್ನು ತೆಗೆದನು. ತೆರೆಯ ಮೇಲೆ ಇಲ್ಲವೇ ಇಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದ್ದವು! ಈ ಸುದ್ದಿ ಹಬ್ಬಿದ ಮೇಲೆ ಆ ಕಂಪನಿಯವರು ವಿವರಣೆ ಕೊಟ್ಟರು. ನಾನಾ ಕಲೆಗಳ ಚಂದ್ರಚಿತ್ರಗಳನ್ನು ಯಂತ್ರಕ್ಕೆ ಮುಂಚೆಯೇ ಕಲಿಸಿದೆಯೆಂದೂ, ತನ್ನೆದುರಿಗಿರುವುದು ಚಂದ್ರನೆಂದು ಗುರುತಿಸಿದೊಡನೆ ಅದು ವಿವರಗಳನ್ನು ಹೆಚ್ಚಿಸುವುದೆಂದೂ, ಬೇಡವಾದವರು ಈ ಏರ್ಪಾಟನ್ನು ನಿಲ್ಲಿಸಿಕೊಳ್ಳಬಹುದೆಂದೂ ಅವರೇ ಹೇಳಿದರು. ಇಂತಹದೇ ಆಕ್ಷೇಪಣೆಯು 2019ರಲ್ಲಿ ಹುವಾವೇ ಕಂಪನಿಯ ಫೋನಿನ ವಿಷಯದಲ್ಲಿ ಎದ್ದು, ಆ ಕಂಪನಿಯವರು ಅದನ್ನು ಅಲ್ಲಗಳೆದಿದ್ದರು. ನಮ್ಮ ಹುಡುಗನ ಫೋನು ಈ ಎರಡು ಕಂಪನಿಗಳದೂ ಅಲ್ಲ, ಮತ್ತೊಂದರದು, ಅದರ ಹೆಸರು ಇಲ್ಲಿ ಅಪ್ರಕೃತ. ನನ್ನ ವಾದವು ಒಂದು ಕಂಪನಿಯ ಮೇಲಲ್ಲ. ಇಂತಹ ಚಿತ್ರವನ್ನು ಕಂಡ ಚಂದ್ರನೆಂದು ಗೋಡೆಗೆ ತೂಗುಹಾಕುವ ನಮ್ಮ ಬುದ್ಧಿಯ ಮೇಲೆ.

ಇನ್ನು ಪ್ರಮಾಣದ ವಿಚಾರ. ನಾನು ಬಾಲ್ಯದಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನು. ಆ ಸಣ್ಣ ಗ್ರಂಥವನ್ನು ಓದಿದ ಯಾರೂ ಜ್ಞಾನವು ಎರಡು ಬಗೆಯೆಂಬುದನ್ನು ಮರೆಯಲಾರರು: ಒಂದು ಅನುಭವ, ಇನ್ನೊಂದು ಸ್ಮೃತಿ. ಹಿಂದೆ ಕಂಡದ್ದರ ಸಂಸ್ಕಾರಮಾತ್ರದಿಂದ ಹುಟ್ಟಿದ್ದು ಸ್ಮೃತಿ. ಅದು ಒಮ್ಮೊಮ್ಮೆ ನಿಜವೇ ಆಗಿರಬಹುದು. ಆದರೂ ನೈಯಾಯಿಕರು ಅದನ್ನು ಪ್ರಮೆಯೆಂದು ಒಪ್ಪುವುದಿಲ್ಲ. ಏಕೆಂದರೆ ಸ್ಮೃತಿಯು ವಸ್ತುವಿನ ಎದುರಿಗೆ ಹೋಗಿ ನಿಂತದ್ದಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯನ್ನು "ನೀನು ಕಂಡೆಯಾ?" ಎಂದು ಕೇಳಿದರೆ, "ಇಂತಹ ಕಡೆಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ, ಸ್ವಾಮಿ" ಎಂದು ಅವನು ಉತ್ತರ ಕೊಟ್ಟರೆ ನ್ಯಾಯಾಧೀಶರು ಅವನನ್ನು ಇಳಿಸಿಬಿಡುವರಷ್ಟೆ. ಫೋನು ಕೊಟ್ಟ ಸಾಕ್ಷ್ಯವು ಇದೇ ಜಾತಿಯದು.

ದೂರದಲ್ಲಿ ಬಿದ್ದಿರುವ ಶ್ರೀಗಂಧದ ಕೊರಡನ್ನು ಕಣ್ಣಿನಿಂದ ನೋಡಿ "ಪರಿಮಳವುಳ್ಳದ್ದು" ಎಂದುಕೊಳ್ಳುವ ದೃಷ್ಟಾಂತವನ್ನು ತರ್ಕದ ವಿದ್ಯಾರ್ಥಿಗಳು ಬಲ್ಲರು. ಕಣ್ಣಿಗೆ ಪರಿಮಳ ಕಾಣುವುದುಂಟೆ? ಹಿಂದೆ ಮೂಸಿದ್ದರ ನೆನಪು ಈಗಿನ ನೋಟದೊಳಕ್ಕೆ ನುಸುಳಿ ಬರುತ್ತದೆ. ಇದೇ ನುಸುಳುವಿಕೆಯಿಂದ ಭ್ರಾಂತಿಯೂ ಹುಟ್ಟುತ್ತದೆಂದು ನೈಯಾಯಿಕರು ವಿವರಿಸುವರು: ಅಂಗಡಿಯಲ್ಲಿ ಕಂಡ ಬೆಳ್ಳಿಯು ಕಡಲ ತಡಿಯ ಚಿಪ್ಪಿನಲ್ಲಿ ಹೊಳೆಯುತ್ತದೆ. ಅದಕ್ಕೆ ಅನ್ಯಥಾಖ್ಯಾತಿಯೆಂದು ಹೆಸರು. ಫೋನಿನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ಸಾಧ್ಯವೆ? ಎಂದೋ ಯಾರೋ ಎಲ್ಲಿಯೋ ತೆಗೆದ ಚಿತ್ರಗಳ ಚಂದ್ರನು, ಇಂದು ನಮ್ಮ ಬೆಟ್ಟದ ಮೇಲಿನ ಮಸುಕಾದ ಬೆಳಕಿನಲ್ಲಿ ಹೊಳೆಯುತ್ತಾನೆ. ಮನುಷ್ಯನಿಗೆ ಭ್ರಾಂತಿಯಾದರೆ ಹತ್ತಿರ ಹೋಗಿ ಚಿಪ್ಪನ್ನು ಕೈಗೆತ್ತಿಕೊಂಡಾಗ ಅದು ಕಳೆಯುತ್ತದೆ. ಯಂತ್ರದ ಭ್ರಾಂತಿಯು ಚಿತ್ರವಾಗಿ ಅಚ್ಚಾಗಿ ನಿಂತುಬಿಡುವುದರಿಂದ ಅದಕ್ಕೆ ಬಾಧಕಜ್ಞಾನವೇ ಇಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಪ್ರತ್ಯಕ್ಷವಲ್ಲದ್ದನ್ನು ಪ್ರಮಾಣಿಸದೆಯೇ ನಂಬುವ ಕಾಲವೊಂದು ಬಂದೀತೆಂದು ಅವರು ಎಣಿಸಿರಲಾರರು.

ಈ ನಮ್ಮ ಪಕ್ಷಕ್ಕೆ ಎದುರಾಗಿ ಹೇಳುವ ಮಾತುಗಳನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯ ಆಕ್ಷೇಪ: "ಚಂದ್ರನು ಯಾವಾಗಲೂ ಒಂದೇ ಮುಖವನ್ನು ತೋರಿಸುತ್ತಾನೆ. ಆ ಕುಳಿಗಳು ಅಲ್ಲಿ ಇರುವುದೂ ನಿಜ. ಇರುವುದನ್ನೇ ಬರೆದರೆ ಸುಳ್ಳು ಹೇಗಾಯಿತು?" ಚಂದ್ರನ ಮುಖವು ನಾವು ತಿಳಿದಷ್ಟು ನಿಶ್ಚಲವಲ್ಲ. ಅವನು ತಕ್ಕಡಿಯ ಮುಳ್ಳಿನಂತೆ ಅತ್ತಿತ್ತ ತೂಗುವುದರಿಂದ ಕಾಲಕ್ರಮದಲ್ಲಿ ಅವನ ಮೈಯ ನೂರಕ್ಕೆ 59 ಪಾಲು ನಮಗೆ ಕಾಣಸಿಗುತ್ತದೆ. ಬಲದಂಚಿನ ಬಳಿಯಿರುವ ಕ್ರಿಸಿಯಂ ಎಂಬ ದುಂಡನೆಯ ಕಪ್ಪು ಬಯಲು ಒಂದು ತಿಂಗಳು ಅಂಚಿಗೆ ಒತ್ತಿಕೊಂಡಿದ್ದರೆ ಮತ್ತೊಂದು ತಿಂಗಳು ಒಳಕ್ಕೆ ಸರಿದಿರುತ್ತದೆ. ಗ್ರಹಣಗಳಂತೂ ಒಂದರಂತೆ ಒಂದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿಯ ಖಗ್ರಾಸದಲ್ಲಿ ಭೂಮಿಯ ನೆರಳು ಎಷ್ಟು ಕೆಂಪಾಗಿತ್ತೆಂಬುದನ್ನು ಹಿಂದಿನ ಯಾವ ಗ್ರಹಣದ ನೆನಪೂ ಹೇಳಲಾರದು. ಆ ಬಣ್ಣವು ಅಂದಿನ ವಾಯುಮಂಡಲದ ಧೂಳಿಗೂ ಮೋಡಕ್ಕೂ ಸೇರಿದ್ದು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರನು ಬಹಳ ಕಪ್ಪಾಗಿ ತೋರಿದನು. ಇನ್ನೂ ಒಂದು ಸಂಗತಿ. 2019ರ ಜನವರಿ 21ರ ಗ್ರಹಣದ ಹೊತ್ತಿನಲ್ಲಿ ಉಲ್ಕೆಯೊಂದು ಚಂದ್ರನಿಗೆ ಬಡಿದು ಕ್ಷಣಮಾತ್ರ ಮಿಂಚು ಹೊಳೆಯಿತು. ಸ್ಪೇನಿನ ವಿಜ್ಞಾನಿಗಳ ದೂರದರ್ಶಕಗಳಲ್ಲಿ ಅದು ದಾಖಲಾದಂತೆಯೇ ಹಲವರು ಹವ್ಯಾಸಿಗಳ ಚಿತ್ರಗಳಲ್ಲಿಯೂ ದಾಖಲಾಯಿತು. ಚಂದ್ರನು ಹೇಗಿರಬೇಕೆಂದು ಮೊದಲೇ ನಿಶ್ಚಯಿಸಿಕೊಂಡ ಯಂತ್ರಕ್ಕೆ ಆ ಮಿಂಚು ಅಳಿಸಬೇಕಾದ ಕಸವಾಗಿ ತೋರಿದರೂ ತೋರೀತು. ಹಳೆಯದನ್ನು ನೆನೆಯುವುದರಲ್ಲಿ ಮುಳುಗಿದ ಕಣ್ಣಿಗೆ ಹೊಸದು ಕಾಣುವುದಿಲ್ಲ; ಸ್ಮೃತಿಯು ಪ್ರಮಾಣವಲ್ಲವೆಂಬುದರ ಸಾರವೇ ಇದು.

ಎರಡನೆಯ ಆಕ್ಷೇಪವು ಬಲ್ಲವರದು: "ದೂರದರ್ಶಕದ ಹವ್ಯಾಸಿಗಳೇನು ತಿದ್ದುವುದಿಲ್ಲವೆ? ನೂರಾರು ಚಿತ್ರಗಳನ್ನು ತೆಗೆದು, ಒಳ್ಳೆಯವನ್ನು ಆರಿಸಿ, ಒಂದರ ಮೇಲೊಂದು ಜೋಡಿಸಿ, ಸರಾಸರಿ ಮಾಡಿ, ಅಂಚುಗಳನ್ನು ತೀಡುತ್ತಾರಲ್ಲ?" ತೀಡುತ್ತಾರೆ, ನಿಜ. ಆದರೆ ಭೇದವನ್ನು ಗಮನಿಸಬೇಕು. ಅವರು ಜೋಡಿಸುವ ನೂರು ಚಿತ್ರಗಳೂ ಅದೇ ರಾತ್ರಿಯ ಅದೇ ಚಂದ್ರನವು. ಒಬ್ಬ ಸಾಕ್ಷಿಯು ನೂರು ಸಲ ಇಣಿಕಿ ನೋಡಿ ಬಂದಂತೆ. ಗಾಳಿಯ ನಡುಕವು ಪ್ರತಿ ಸಲವೂ ಬೇರೆಯಾಗಿರುವುದರಿಂದ ಸರಾಸರಿಯಲ್ಲಿ ಅಡಗುತ್ತದೆ, ಚಂದ್ರನು ಉಳಿಯುತ್ತಾನೆ. ಅಕ್ಕಿಯಲ್ಲಿನ ಕಲ್ಲನ್ನು ಆರಿಸುವುದು ಒಂದು. ನೆರೆಮನೆಯ ಅಕ್ಕಿಯನ್ನು ತಂದು ನಮ್ಮ ಮೊರದಲ್ಲಿ ಸುರಿದುಕೊಳ್ಳುವುದು ಇನ್ನೊಂದು. ಮೊದಲನೆಯದು ಸಂಸ್ಕಾರ, ಎರಡನೆಯದು ಆರೋಪ. ಹವ್ಯಾಸಿಯು ಕೂಡ ಮಿತಿಮೀರಿ ತೀಡಿದರೆ ಇಲ್ಲದ ಗೆರೆಗಳು ಹುಟ್ಟುವುದುಂಟು. ಆಗ ಅವನೂ ತಪ್ಪಿತಸ್ಥನೇ. ಆದರೆ ಅವನು ಮೂಲಚಿತ್ರಗಳನ್ನು ತೋರಿಸಬಲ್ಲನು. ತಾನು ಏನೇನು ಮಾಡಿದೆನೆಂದು ಹೇಳಬಲ್ಲನು. ನಮ್ಮ ಬಹುಮಾನದ ಹುಡುಗನು ಅದನ್ನು ಹೇಳಲಾರದವನಾದನು.

ಮೂರನೆಯದು ನನ್ನ ಸಹಪಾಠಿಯಾದ ವಿದ್ವಾಂಸರೊಬ್ಬರ ಆಕ್ಷೇಪ. ಭಾಸ್ಕರಾಚಾರ್ಯನು 1150ರ ತನ್ನ ಸಿದ್ಧಾಂತಶಿರೋಮಣಿಯಲ್ಲಿ ಯಂತ್ರಗಳನ್ನೆಲ್ಲ ವರ್ಣಿಸಿ, ಅವೆಲ್ಲಕ್ಕೂ ಮಿಗಿಲಾದದ್ದು ಧೀಯಂತ್ರ, ಎಂದರೆ ಬುದ್ಧಿಯೇ, ಎಂದು ಹೇಳಿದ್ದಾನೆ. "ಫೋನಿನಲ್ಲಿರುವುದೂ ಬುದ್ಧಿಯೇ ಅಲ್ಲವೆ? ಭಾಸ್ಕರನು ಇದ್ದಿದ್ದರೆ ಮೆಚ್ಚುತ್ತಿದ್ದನು" ಎಂದರು ಅವರು. ಮಾತು ಚಮತ್ಕಾರವಾಗಿದೆ, ಆದರೆ ಆಚಾರ್ಯನ ಅಭಿಪ್ರಾಯಕ್ಕೆ ವಿರುದ್ಧವಾಗಿದೆ. ಕೈಯಲ್ಲಿ ಒಂದು ಕೋಲನ್ನು ಹಿಡಿದು, ಅದರ ಬುಡದಿಂದ ತುದಿಯತ್ತ ದೃಷ್ಟಿಯಿಟ್ಟು ನೋಡುವ ಬುದ್ಧಿವಂತನಿಗೆ ಅಳತೆಗೆ ನಿಲುಕದ ವಸ್ತುವಿಲ್ಲವೆಂಬುದು ಅಲ್ಲಿಯ ತಾತ್ಪರ್ಯ. ಧೀಯಂತ್ರಕ್ಕೂ ಕಣ್ಣು ಬೇಕು, ಕೋಲು ಬೇಕು, ಎದುರಿಗೆ ವಸ್ತು ಬೇಕು. ನೋಡುವ ಶ್ರಮವನ್ನು ತಪ್ಪಿಸುವ ಬುದ್ಧಿಯನ್ನು ಭಾಸ್ಕರನು ಹೊಗಳಲಿಲ್ಲ.

ನಾಲ್ಕನೆಯ ಆಕ್ಷೇಪವೇ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರತಕ್ಕದ್ದು, ಮಕ್ಕಳ ಉತ್ಸಾಹವನ್ನು ಹೆಚ್ಚಾಗಿ ಕೊಲ್ಲತಕ್ಕದ್ದು: "ಚಂದ್ರಯಾನವು 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣಧ್ರುವದ ಕಡೆಗೆ ಇಳಿದಾಗಿದೆ. 2019ರಲ್ಲಿ ಕಳುಹಿಸಿದ ನೌಕೆಯು ನೂರು ಕಿಲೋಮೀಟರ್ ಎತ್ತರದಿಂದ ಮೊಳದಗಲದ ಕಲ್ಲನ್ನೂ ಗುರುತಿಸುವ ಕ್ಯಾಮೆರಾವನ್ನು ಹೊತ್ತು ಸುತ್ತುತ್ತಿದೆ. ಬೆಂಗಳೂರಿನ ಬಳಿಯ ಬ್ಯಾಲಾಳಿನ ದೊಡ್ಡ ಬೋಗುಣಿಗಳಿಗೆ ಅಲ್ಲಿಂದ ಸುದ್ದಿ ಬರುತ್ತಿದೆ. ಹೀಗಿರಲು ಮಹಡಿಯ ಮೇಲೆ ಚಳಿಯಲ್ಲಿ ನಿಂತು ಈ ಮಕ್ಕಳು ಮಸುಕು ಚಿತ್ರ ತೆಗೆದು ಆಗಬೇಕಾದುದೇನು?" ನಾನು ಚಂದ್ರಯಾನದ ಮಹಿಮೆಯನ್ನು ಕಿಂಚಿತ್ತೂ ಕುಂದಿಸುವವನಲ್ಲ. ಆದರೆ ಬಲ್ಲವರು ಸಂಗೀತ ಹಾಡುತ್ತಾರೆಂದು ಮನೆಯ ಹೆಣ್ಣುಮಕ್ಕಳಿಗೆ ಹಾಡು ಕಲಿಸುವುದನ್ನು ಯಾರಾದರೂ ನಿಲ್ಲಿಸಿದ್ದುಂಟೆ? ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯು ಹೊಲದ ಕೆಲಸಕ್ಕೆ ಮಾತ್ರವಲ್ಲ, ನೋಟಕ್ಕೂ ಸಲ್ಲುತ್ತದೆ. 1840ರಲ್ಲಿ ನ್ಯೂಯಾರ್ಕಿನಲ್ಲಿ ಡ್ರೇಪರ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕನು ಬೆಳ್ಳಿ ಲೇಪದ ತಗಡಿನ ಮೇಲೆ ಚಂದ್ರನ ಬಿಂಬವನ್ನು ಹಿಡಿದನು. ಇಂದಿನ ಕಣ್ಣಿಗೆ ಅದು ಮಸುಕೇ. ಆದರೆ ಚಂದ್ರನ ಬೆಳಕೇ ಅದನ್ನು ಬರೆದದ್ದು.

ಮಸುಕಾದರೂ ನಿಜವಾದ ಚಿತ್ರದಿಂದ ಏನು ಪ್ರಯೋಜನವೆಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಇದು ನನ್ನನ್ನು ಬಹಳ ಬೆರಗುಗೊಳಿಸಿದ್ದು. ಸೂರ್ಯಸಿದ್ಧಾಂತದ ಚಂದ್ರಗ್ರಹಣಾಧಿಕಾರದಲ್ಲಿ ಚಂದ್ರಬಿಂಬದ ವ್ಯಾಸವನ್ನು 480 ಯೋಜನವೆಂದು ಹೇಳಿದೆ. ಅದನ್ನು ಅಂದಿನ ಸ್ಪಷ್ಟಗತಿಯಿಂದ ಗುಣಿಸಿ, ಮಧ್ಯಮಗತಿಯಿಂದ ಭಾಗಿಸಿ, 15ರಿಂದ ಭಾಗಿಸಿದರೆ ಬಿಂಬವು ಲಿಪ್ತೆಗಳಲ್ಲಿ ಸಿಕ್ಕುತ್ತದೆ. ಲಿಪ್ತೆಯೆಂದರೆ ಭಾಗೆಯ ಅರವತ್ತನೆಯ ಒಂದು ಪಾಲು. ಮಧ್ಯಮಬಿಂಬವು 32 ಲಿಪ್ತೆ. ಅಲ್ಲಿಯ ಗತಿಗಳನ್ನೇ ಹಿಡಿದು ಲೆಕ್ಕಮಾಡಿದರೆ ಬಿಂಬವು ಸುಮಾರು 29 ಲಿಪ್ತೆಯಿಂದ 35 ಲಿಪ್ತೆಯವರೆಗೆ ಹಿಗ್ಗಿ ಕುಗ್ಗಬೇಕು. ಪಾಠಶಾಲೆಯಲ್ಲಿ ನಾನು ಈ ಗಣಿತವನ್ನು ಎಷ್ಟು ಸಲ ಮಾಡಿದ್ದೇನೋ! ಒಂದು ಸಲವಾದರೂ ಮೇಲೆ ಮುಖವೆತ್ತಿ ಅದು ಹೌದೋ ಅಲ್ಲವೋ ಎಂದು ನೋಡಿದವನಲ್ಲ. ಚಂದ್ರನು ನಮಗೆ ಹತ್ತಿರ ಬಂದಾಗ ಸುಮಾರು 3,57,000 ಕಿಲೋಮೀಟರಿನಲ್ಲಿಯೂ ದೂರ ಹೋದಾಗ ಸುಮಾರು 4,06,000 ಕಿಲೋಮೀಟರಿನಲ್ಲಿಯೂ ಇರುವುದರಿಂದ ಬಿಂಬವು ಹಿಗ್ಗುವುದೂ ಕುಗ್ಗುವುದೂ ನಿಜ. ಆದರೆ ನಿಜವಾದ ಎಲ್ಲೆಯು ಸುಮಾರು 29.4ರಿಂದ 33.5 ಲಿಪ್ತೆ. ಸಾವಿರ ಮಿಲಿಮೀಟರು ಸಂಗಮದೂರವುಳ್ಳ ದೂರದರ್ಶಕದಲ್ಲಿ ಇದೇ ಬಿಂಬವು ಒಮ್ಮೆ ಎಂಟೂವರೆ ಮಿಲಿಮೀಟರಿನಷ್ಟೂ ಇನ್ನೊಮ್ಮೆ ಒಂಬತ್ತೂ ಮುಕ್ಕಾಲಿಗೆ ಹತ್ತಿರವಾಗಿಯೂ ಬೀಳುತ್ತದೆ. ಒಂದೇ ದೂರದರ್ಶಕದಿಂದ ಒಂದು ವರ್ಷ ಹುಣ್ಣಿಮೆ ಹುಣ್ಣಿಮೆಗೂ ಚಿತ್ರ ತೆಗೆದು, ಅಳತೆಪಟ್ಟಿಯಿಂದ ಅಳೆದರೆ, ನಮ್ಮ ಪೂರ್ವಿಕರು ಎಷ್ಟು ಸರಿಯಾಗಿ ಕಂಡಿದ್ದರೆಂಬುದೂ, ಬಿಂಬವು ದೊಡ್ಡದಾಗುವ ಕಡೆಯಲ್ಲಿ ಅವರ ಗಣಿತವು ಎಷ್ಟು ಮುಂದೆ ಹೋಯಿತೆಂಬುದೂ ಎರಡೂ ಒಬ್ಬ ಶಾಲಾಬಾಲಕಿಯ ಅಂಗೈಯಲ್ಲಿ ತೋರುತ್ತವೆ. ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಗೌರವವುಂಟೆ?

ಗಣಿತವು ದೃಷ್ಟಿಗೆ ಹೊಂದಬೇಕು, ಹೊಂದದಿದ್ದರೆ ಗಣಿತವನ್ನು ತಿದ್ದಬೇಕು ಎಂಬ ದೃಗ್ಗಣಿತದ ಮಾರ್ಗವು ನಮ್ಮ ದೇಶಕ್ಕೆ ಹೊಸದಲ್ಲ. ಕೇರಳದ ಪರಮೇಶ್ವರನು 1431ರಲ್ಲಿಯೇ ಆ ಹೆಸರಿನ ಗ್ರಂಥವನ್ನು ಬರೆದನು. ಮದರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ದೃಗ್ಗಣಿತ ಪಂಚಾಂಗವನ್ನು ಹೊರಡಿಸಿದ್ದಲ್ಲದೆ, 1874ರ ಶುಕ್ರಸಂಕ್ರಮಣವನ್ನು ಜನಸಾಮಾನ್ಯರು ತಾವೇ ನೋಡಿ ತಿಳಿಯಲೆಂದು ದೇಶಭಾಷೆಗಳಲ್ಲಿ ಪುಸ್ತಿಕೆಯನ್ನೂ ಪ್ರಕಟಿಸಿದರು. ನಮ್ಮ ನರಗುಂದದಲ್ಲಿ 1854ರಲ್ಲಿ ಹುಟ್ಟಿ, ಶಾಲಾ ಉಪಾಧ್ಯಾಯವೃತ್ತಿಯಲ್ಲಿದ್ದುಕೊಂಡೇ ಸಂಸ್ಕೃತದಲ್ಲಿ ಜ್ಯೋತಿರ್ಗಣಿತವನ್ನು ರಚಿಸಿದ ವೆಂಕಟೇಶ ಬಾಪೂಜಿ ಕೇತಕರರೂ ಇದೇ ಮಾರ್ಗದವರು. ಇವರೆಲ್ಲರೂ ಹೋರಾಡಿದುದು ಯಾರೊಡನೆ? ಆಕಾಶದಲ್ಲಿರುವುದನ್ನು ಬಿಟ್ಟು ಓಲೆಯಲ್ಲಿರುವುದನ್ನೇ ಹಿಡಿದವರೊಡನೆ. ಅಂದಿನ ಓಲೆಯ ಪೀಠದಲ್ಲಿ ಇಂದು ಫೋನು ಕುಳಿತಿದೆ. ನೋಡದೆ ನಂಬುವ ಜಾಡ್ಯವು ಬೇರೆ ವೇಷದಲ್ಲಿ ಬಂದಿತೇ ಹೊರತು ಹೋಗಲಿಲ್ಲ.

ನಮ್ಮ ಜಿಲ್ಲೆಯವರಿಗಂತೂ ಈ ವಿವೇಕವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಗೌರಿಬಿದನೂರಿನ ಬಳಿ 1976ರಲ್ಲಿ ಸ್ಥಾಪಿತವಾದ ರೇಡಿಯೋ ವೀಕ್ಷಣಾಲಯದಲ್ಲಿ ಸಾವಿರ ತಂತಿಗಳ ಸಾಲು ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ಹಬ್ಬಿ, ಕಣ್ಣಿಗೆ ಕಾಣದ ಅಲೆಗಳನ್ನು ಹಿಡಿಯಿತು. ಮುಂದೆ 1997ರಲ್ಲಿ ಸೂರ್ಯನ ಹೊರವಲಯದ ಅಲೆಗಳಿಗೆಂದೇ ಅಲ್ಲಿ ಬೇರೊಂದು ಯಂತ್ರವು ಸಿದ್ಧವಾಯಿತು. ಅಂದು ಸೂರ್ಯನಿಂದ ಬಂದದ್ದನ್ನು ಅಂದು ಬರೆದಿಡುವುದು ಅಲ್ಲಿಯ ಕೆಲಸ. ಇಂದಿನದು ಮಸುಕಾಯಿತೆಂದು ನಿನ್ನೆಯ ಸೂರ್ಯನನ್ನು ಅಂಟಿಸಿದರೆ ಆ ದಾಖಲೆಗೆ ಬೆಲೆಯೇನು? ವಿಜ್ಞಾನಿಗಳ ಮಾತಿರಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿರಿ. ರೀಲರು ರಾಶಿಯೊಳಕ್ಕೆ ಕೈಯಿಕ್ಕಿ ಗೂಡನ್ನು ತೆಗೆದು, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲುಗಿಸಿ, ಆಮೇಲೆ ಬೆಲೆ ಕೂಗುತ್ತಾನೆ. ಒಳ್ಳೆಯ ಗೂಡು ಸಾಮಾನ್ಯವಾಗಿ ಹೀಗಿರುತ್ತದೆಂಬ ಚಿತ್ರವನ್ನು ತೋರಿಸಿದರೆ ಅವನು ಒಂದು ಕಾಸನ್ನೂ ಬಿಚ್ಚನು. ರೇಷ್ಮೆಗೆ ಇರುವ ಮರ್ಯಾದೆಯು ಚಂದ್ರನಿಗೆ ಬೇಡವೆ?

ನಾನು ಫೋನಿನ ಶತ್ರುವಲ್ಲ. ದೂರದರ್ಶಕದಲ್ಲಿ ಕಣ್ಣಿಡುವ ಗಾಜಿಗೆ ಅದೇ ಫೋನನ್ನು ಅಲುಗದಂತೆ ಆನಿಸಿ, ತಾನಾಗಿ ಅಲಂಕರಿಸುವ ಏರ್ಪಾಟನ್ನು ನಿಲ್ಲಿಸಿ, ಬೆಳಕನ್ನು ಕೈಯಾರೆ ತಗ್ಗಿಸಿ ತೆಗೆದರೆ ಬಡವರ ಮಕ್ಕಳಿಗೂ ಸತ್ಯವಾದ ಚಿತ್ರ ದಕ್ಕುತ್ತದೆ. ಚಂದ್ರನೆಂದರೆ ಬಿಸಿಲಲ್ಲಿರುವ ಕರಿಗಲ್ಲಿನ ನೆಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲನ್ನು ಮಾತ್ರ ಹಿಂದಕ್ಕೆ ಕೊಡುವುದು. ರಾತ್ರಿಯ ಚಿತ್ರವೆಂದು ಬಹಳ ಹೊತ್ತು ಬೆಳಕು ಬಿಟ್ಟರೆ ಬಿಳಿಯ ತೇಪೆಯೊಂದೇ ಉಳಿಯುತ್ತದೆ. ಮಸೂರದ ಬಾಯನ್ನು 11ನೆಯ ಗುರುತಿಗೂ ಸಂವೇದನೆಯನ್ನು 100ಕ್ಕೂ ಇಟ್ಟು, ಸೆಕೆಂಡಿನ ನೂರಿಪ್ಪತ್ತೈದರಲ್ಲೊಂದು ಪಾಲು ತೆರೆದರೆ ಪೂರ್ಣಚಂದ್ರನಿಗೆ ಸಾಕು. ಹುಣ್ಣಿಮೆಗಿಂತ ಅಷ್ಟಮಿಯು ಮೇಲು. ಆಗ ಬೆಳಕಿಗೂ ಕತ್ತಲೆಗೂ ನಡುವಣ ಗೆರೆಯ ಬಳಿ ಬೆಟ್ಟಗಳ ನೆರಳು ಉದ್ದವಾಗಿ ಬಿದ್ದು ಕುಳಿಗಳ ಆಳವು ತಿಳಿಯುತ್ತದೆ. ಇದಿಷ್ಟನ್ನು ಆ ಹುಡುಗಿಯೇ ನನಗೆ ಕಲಿಸಿದಳು.

ಜಿಲ್ಲೆಯ ಸಂಘಗಳಲ್ಲಿಯೂ ಶಾಲೆಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ಇನ್ನು ಮುಂದೆ ಇಂತಹ ಸ್ಪರ್ಧೆಗಳನ್ನು ನಡೆಸುವಾಗ ಮುದ್ರಿತ ಚಿತ್ರದೊಡನೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲವನ್ನೂ ಕೇಳಿರಿ. ತೆಗೆದ ಊರು, ದಿನ, ಗಂಟೆ, ಮಸೂರ, ಮಾಡಿದ ತಿದ್ದುಪಾಟು ಇವುಗಳನ್ನು ಸ್ಪರ್ಧಿಯು ತನ್ನ ಕೈಯಿಂದ ಬರೆದುಕೊಡಲಿ. ಫೋನಿನ ಸ್ವಯಂ ಅಲಂಕಾರವನ್ನು ನಿಲ್ಲಿಸಿ ತೆಗೆದದ್ದೆಂಬ ಮಾತನ್ನೂ ಅದರಲ್ಲಿ ಸೇರಿಸಲಿ. ಅಂದದ ಚಿತ್ರಗಳಿಗೆ ಬಹುಮಾನ ಕೊಡಬೇಕೆಂದಿದ್ದರೆ ಅದಕ್ಕೆ ಬೇರೆ ಪಂಕ್ತಿಯನ್ನು ಹಾಕಿರಿ. ಚಿತ್ರಕಲೆಯನ್ನು ಯಾರೂ ನಿಂದಿಸುವುದಿಲ್ಲ. ಆದರೆ ಚಿತ್ರವನ್ನು ಸಾಕ್ಷಿಯ ಪಂಕ್ತಿಯಲ್ಲಿ ಕೂರಿಸಬೇಡಿರಿ. ತೀರ್ಪುಗಾರರೂ ಅಂದು ಅದೇ ಹೊತ್ತಿಗೆ ಹೊರಗೆ ಬಂದು ಚಂದ್ರನನ್ನು ಒಮ್ಮೆ ನೋಡಿರತಕ್ಕದ್ದು. ಈ ಕಡೆಯ ನಿಯಮವನ್ನು ನನ್ನನ್ನು ನೆನೆದೇ ಸೇರಿಸಿದ್ದೇನೆ. ಆ ಸಂಜೆ ನಾನು ಸಭಾಂಗಣದೊಳಗೆ ಕಾಫಿ ಕುಡಿಯುತ್ತ ಕುಳಿತಿದ್ದೆನು.

ಬಹುಮಾನ ಪಡೆದ ಹುಡುಗನ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕೆಂಬುದು ನನ್ನ ಇಷ್ಟವಲ್ಲ. ಅವನು ಈಗ ಆ ಹುಡುಗಿಯ ಜೊತೆಯಲ್ಲಿ ಶಾಲೆಯ ದೂರದರ್ಶಕವನ್ನು ತಿರುಗಿಸುವುದನ್ನು ಕಲಿಯುತ್ತಿದ್ದಾನೆ. ಆದರೆ ನನ್ನ ರುಜುವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರವು ನನಗುಂಟಷ್ಟೆ. ಸಂಘದವರಿಗೆ ಪತ್ರ ಬರೆದು ಎರಡು ತಿಂಗಳಾಯಿತು, ಉತ್ತರವಿಲ್ಲ. ಆದುದರಿಂದ ಈ ಪತ್ರಿಕೆಯ ಮೂಲಕ ಎಲ್ಲರಿಗೂ ತಿಳಿಯುವಂತೆ ಹೇಳುತ್ತೇನೆ: ಆ ತೀರ್ಪು ತಪ್ಪು, ನಾನು ಅದಕ್ಕೆ ಹಾಕಿದ ರುಜುವನ್ನು ಹಿಂತೆಗೆದುಕೊಂಡಿದ್ದೇನೆ, ಚಪ್ಪಟೆಯಾದ, ಕೆಂಪಾದ, ಅಂಚು ನಡುಗುವ ಆ ಚಂದ್ರನೇ ಅಂದು ನಮ್ಮ ಬೆಟ್ಟದ ಮೇಲೆ ಹುಟ್ಟಿದವನು.